ಆರು ವಿಮಾ ರಸೀತಿಗಳು

ಗದಗ
೮ ಮಾರ್ಚ್ ೧೯೫೪

ನಮ್ಮ ಮನೆಯ ಯಜಮಾನರಿಗೆ ಪದ್ಮಾ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಮುಂಬೈ ಖಾನಾವಳಿಯವರು ಸಾರಿಗೆ ಬೆಲ್ಲ ಸುರಿಯುವುದನ್ನು ಬಿಟ್ಟರೋ ಇಲ್ಲವೋ? ಇಲ್ಲಿ ನಾವು ಸುಖವಾಗಿದ್ದೇವೆ. ಬಿಸಿಲೇರಿದ ಮೇಲೆ ಅತ್ತೆಯವರ ಮೊಣಕಾಲು ನೋವು ಇಳಿದಿದೆ. ಈಗ ವೀರನಾರಾಯಣ ಗುಡಿಗೆ ನಡೆದೇ ಹೋಗಿ ಬರುತ್ತಾರೆ.

ನಿನ್ನೆ ನನ್ನ ತಮ್ಮ ಜಯತೀರ್ಥ ಹುಬ್ಬಳ್ಳಿಯಿಂದ ಬಂದಿದ್ದ. ಅವನೀಗ ತೆರಿಗೆ ವಕೀಲರೊಬ್ಬರ ಗುಮಾಸ್ತ. ಊಟಕ್ಕೆ ಕೂತವನು, "ಅಕ್ಕಾ, ವಿಮಾ ಕಂತು ತುಂಬಿದವರಿಗೆ ತೆರಿಗಿಯೊಳಗ ರಿಯಾಯ್ತಿ ಅದ. ಹತ್ತರಾಗ ಎಂಟು ಮಂದಿ ಕೇಳೂದೇ ಇಲ್ಲ" ಅಂದ. ಆ ಎಂಟರಲ್ಲಿ ನೀವೊಬ್ಬರೆಂದು ನನಗೆ ಗೊತ್ತೇ ಇತ್ತು. ನಿಮ್ಮ ಕಚೇರಿಯಲ್ಲಿ ಪಗಾರ ಹಂಚುವವರು ನಮ್ಮೂರಿನ ಮಾರ್ತಾಂಡ ಕಾಕಾ. ಅವರಿಗೆ ವಿಮೆಯ ಮಾತು ಹೇಳಿದರೆ ಎಂಟು ದಿನದಲ್ಲಿ ಅದು ಗದಗ ಮುಟ್ಟುತ್ತದೆಂದು ಹೆದರಿ ಬಾಯಿ ಮುಚ್ಚಿಕೊಂಡಿರಿ, ಸರ್ಕಾರಕ್ಕೆ ಹೆಚ್ಚಿನ ತೆರಿಗೆ ಕೊಟ್ಟಿರಿ. ವರ್ಷಕ್ಕೆ ಹತ್ತು ಹನ್ನೆರಡು ರೂಪಾಯಿ ಇರಬಹುದು. ನಿಮಗೆ ಅದು ಸಣ್ಣದು. ಸಂತೆ ಮಾಡುವವಳು ನಾನು, ನನಗೆ ಸಣ್ಣದಲ್ಲ. ಹೆಚ್ಚು ಕೊಟ್ಟದ್ದನ್ನು ಅರ್ಜಿ ಹಾಕಿ ವಾಪಸು ಕೇಳಬಹುದಂತೆ. ಆದರೆ ಮೊದಲ ವರ್ಷದ್ದಕ್ಕೆ ಈ ಮಾರ್ಚ್ ಮೂವತ್ತೊಂದೇ ಕಡೆಯ ದಿನ.

ನಿಮ್ಮ ಹೆದರಿಕೆ ನನಗೆ ತಿಳಿಯದ್ದೇನಲ್ಲ. "ಬದುಕಿರೋ ಮಗನ ಜೀವಕ್ಕ ಬೆಲಿ ಕಟ್ಟತಾರೇನು?" ಎಂದು ಅತ್ತೆಯವರು, ವಿಮೆ ಮಾಡಿಸುವುದಿಲ್ಲವೆಂದು ನಿಮ್ಮಿಂದ ತುಳಸಿ ಮುಟ್ಟಿಸಿ ಆಣೆ ಹಾಕಿಸಿದ್ದು ಐದು ವರ್ಷದ ಹಿಂದೆ. ನೀವು ಆ ತಿಂಗಳೇ ವಿಮೆಗೆ ಸಹಿ ಮಾಡಿದಿರಿ, ಅದೂ ನನ್ನ ಸಲುವಾಗಿ. ಅಂದಿನಿಂದ ಅವರಿಗೆ ಮುಖ ತೋರಿಸಲಾಗದೆ ದೀಪಾವಳಿಗೂ ಒಂದೇ ರಾತ್ರಿ ಇದ್ದು ಓಡುತ್ತೀರಿ. ಗದಗ, ಮುಂಬೈ ಒಂದೇ ರಾಜ್ಯದಲ್ಲಿರುವಾಗಲೇ ಈ ಪಾಡು. ನಾಳೆ ಏಕೀಕರಣವಾಗಿ ನಾವು ಬೇರೆ ರಾಜ್ಯವಾದರೆ ನಿಮ್ಮನ್ನು ಹಿಡಿಯುವವರಾರು? ಖರೆ ಹೇಳುತ್ತೇನೆ, ನನಗೆ ಬೇಸರವಾಗಿದೆ.

ಇರಲಿ. ನೀವು ಕಳಿಸಿದ ಆರೂ ರಸೀತಿಗಳನ್ನು ಮೆಂತ್ಯೆ ಡಬ್ಬಿಯ ತಳದಲ್ಲಿ ಬಟ್ಟೆಯ ಗಂಟಿನಲ್ಲಿ ಇಟ್ಟಿದ್ದೇನೆ. ನಾಳೆಯೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತೇನೆ. ನೀವು ಅರ್ಜಿಗೆ ಸಹಿ ಹಾಕಿದರೆ ಆಯಿತು, ಯಾರಿಗೂ ಸುದ್ದಿ ಹತ್ತುವುದಿಲ್ಲ. ಎಲ್ಲ ನಾನು ನೋಡಿಕೊಳ್ಳುತ್ತೇನೆ.

ಮಾರ್ತಾಂಡ ಕಾಕಾ ಅವರಿಗೆ ನನ್ನ ನಮಸ್ಕಾರ ತಿಳಿಸಿ, ಅಷ್ಟನ್ನು ಮಾತ್ರ. ಕೆಮ್ಮಿಗೆ ಜ್ಯೇಷ್ಠಮಧು ಮರೆಯಬೇಡಿ.

ನಿಮ್ಮ
ಪದ್ಮಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಡಬ್ಬಿ ತೆಗೆದರೆ ಗಂಟೇ ಇಲ್ಲ! ತಿರುಗಿ ನೋಡಿದರೆ ಅತ್ತೆಯವರು ಮಡಿಲಲ್ಲಿ ಅದನ್ನೇ ಇಟ್ಟುಕೊಂಡು ಕೂತಿದ್ದಾರೆ. ಮೊದಲ ವರ್ಷದಿಂದಲೇ ಅವರಿಗೆ ಗೊತ್ತಂತೆ. ನಾನು ಮಡಿಕೆ ಬಿಚ್ಚಿ ನೋಡಿದವಳೇ ಅಲ್ಲ. ಪ್ರತಿ ರಸೀತಿಯೊಳಗೂ ಅವರು ಒಂದೊಂದು ತುಳಸಿ ಎಲೆ ಇಟ್ಟಿದ್ದಾರೆ. ಹಳೆಯವು ಪುಡಿಯಾಗಿವೆ, ಈ ವರ್ಷದ್ದು ಇನ್ನೂ ಹಸಿರಿದೆ. "ಕಂತು ತುಂಬ್ಯಾನಂದ್ರ ಮಗ ಛಲೋ ಇದ್ದಾನ ಅಂತ ತಿಳಕೋತಿದ್ದೆ" ಅಂದರು. ಕೇಳಿ ನಾನು ಅತ್ತುಬಿಟ್ಟೆ. ಆದರೆ ರಸೀತಿ ಮಾತ್ರ ನನ್ನ ಕೈಗೆ ಕೊಡಲೊಲ್ಲರು, ಅಂಚೆಗೂ ಒಪ್ಪರು. "ಶ್ರೀಪಾದ ಬಂದು ನನ್ನ ಕೈಯಿಂದ ಇಸಗೊಳ್ಳಲಿ, ನಾಕು ದಿನ ಇದ್ದು ಹೋಗಲಿ" ಅನ್ನುತ್ತಾರೆ. ಮೂವತ್ತೊಂದರೊಳಗೆ ಬನ್ನಿ.