ಅಡುಗೆಮನೆಯ ಸ್ಪೀಕರ್

ವಿದ್ಯಾನ ಅಪ್ಪಾ,

ನಿಮ್ಮ ರೆಕಾರ್ಡ್ ಪ್ಲೇಯರ್‌ನೊಳಗೆ ಕೆಂಪು ವೈರು ಇರಬೇಕಾದಲ್ಲಿ ಬಿಳಿಯದಿದೆ, ಬಿಳಿಯದರ ಜಾಗದಲ್ಲಿ ಕೆಂಪು. ನಿನ್ನೆ ಹೀಗೆಂದು ತಿಳಿಸಿದವನು ರಿಪೇರಿಯ ಶಿರೀಷ. ನೀವು ಹೋದ ಮೇಲೆ ಪ್ಲೇಯರ್ ಹಚ್ಚಿರಲಿಲ್ಲ. ಮೊನ್ನೆ ನಮ್ಮ ಮಗಳು ಹಚ್ಚಿದರೆ ಹಾಡಿಗಿಂತ ಗುಂಯ್ ಎಂಬ ಸದ್ದೇ ಜೋರು. ಅವಳೇ ವಿಮಾನ ನಗರದ ತನ್ನ ಆಫೀಸಿನಲ್ಲಿ ವಿಚಾರಿಸಿ ಅವನನ್ನು ಕರೆಸಿದಳು. ತಳದ ಹಲಗೆ ಬಿಚ್ಚಿ ನೋಡಿದರೆ ಅರ್ಥಿಂಗ್ ವೈರಿನ ಬೆಸುಗೆ ಬಿಟ್ಟಿತ್ತು. ಅದನ್ನು ಕೂಡಿಸಿದ ಮೇಲೆ ಸದ್ದು ನಿಂತಿತು. ಆಗ ಅವನ ಕಣ್ಣಿಗೆ ಬಿದ್ದದ್ದು ಈ ಎರಡು ವೈರು, ಒಂದೊಂದು ಸ್ಪೀಕರಿಗೆ ಒಂದೊಂದು.

ಕೋಥರೂಡದ ಈ ಮನೆಗೆ ಬಂದ ಹೊಸದರಲ್ಲಿ ನೀವು ಒಂದು ಸ್ಪೀಕರನ್ನು ಹಾಲ್‌ನಲ್ಲಿಟ್ಟು, ಇನ್ನೊಂದನ್ನು ಅಡುಗೆಮನೆಯ ಕಪಾಟಿನ ಮೇಲೆ ಏರಿಸಿದಿರಿ, ರೊಟ್ಟಿ ಬಡಿಯುವಾಗಲೂ ನಾನು ಹಾಡು ಕೇಳಲಿ ಎಂದು. ಹೆಂಗ ಅದ ಎಂದು ಹಾಲ್‌ನಿಂದಲೇ ಕೇಳಿದಿರಿ.

"ತಬಲಾ ಛಲೋ ಅದರೀ. ಹಾಡಾವ್ರು ಇನ್ನೂ ಬಂದಿಲ್ಲೇನು?" ಎಂದೆ.

ನೀವು ನಗಲಿಲ್ಲ. ಆ ಹಳೆಯ ಸ್ಟೀರಿಯೋ ರೆಕಾರ್ಡುಗಳಲ್ಲಿ ಹಾಡು ಒಂದು ಸ್ಪೀಕರಿಗೆ, ತಬಲಾ-ಹಾರ್ಮೋನಿಯಂ ಇನ್ನೊಂದಕ್ಕೆ ಬರುತ್ತವೆ ಎಂದು ನನಗೇನು ಗೊತ್ತು? ಮುಂದಿನ ಭಾನುವಾರ ಹಾಡು ಅಡುಗೆಮನೆಗೆ ಬಂತು. ರಿಪೇರಿ ಮಾಡಿದ್ದೀರಿ ಅಂದುಕೊಂಡೆ.

ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಾಗಲೆಲ್ಲ ಘಾಟಿಗೆ ಕೆಮ್ಮುತ್ತಿದ್ದಿರಿ. ಅಡುಗೆಮನೆಯ ಬಾಗಿಲು ಹಾಕಲು ಹೋದರೆ ಬೇಡವೆನ್ನುತ್ತಿದ್ದಿರಿ. ಕೆಮ್ಮುವವರೂ ನೀವೇ, ಬಾಗಿಲು ಬೇಡ ಅನ್ನುವವರೂ ನೀವೇ ಎಂದು ನಾನು ಬೈದದ್ದುಂಟು. ಗಾಳಿ ಬೇಕು ಎಂದಿರಿ. ನಮ್ಮ ಹಾಲ್‌ನಲ್ಲಿ ಗಾಳಿಗೇನು ಬರ? ಆಗಲಾದರೂ ನಾನು...

ನಿನ್ನೆ ಶಿರೀಷ ರೆಕಾರ್ಡು ಹಚ್ಚಿ, ಅಡುಗೆಮನೆಯ ಬಾಗಿಲು ಹಾಕಿ, ನನ್ನನ್ನು ನಿಮ್ಮ ಕುರ್ಚಿಯಲ್ಲಿ ಕೂಡಿಸಿದ. ಬರೀ ತಬಲಾ, ಹಾರ್ಮೋನಿಯಂ. ಕಾಕೂ, ಇಲ್ಲಿ ಕೂತವರು ಇಷ್ಟು ವರ್ಷ ಏನು ಕೇಳುತ್ತಿದ್ದರು ಎಂದು ಮರಾಠಿಯಲ್ಲಿ ಕೇಳಿ ನಕ್ಕ. ಯಾರೋ ತಪ್ಪು ಜೋಡಿಸಿದ್ದಾರೆ, ಸಣ್ಣ ಕೆಲಸ, ಸರಿ ಮಾಡಲೇ ಎಂದ. ತಪ್ಪಲ್ಲ ಎಂದೆ. ಎದ್ದು ಬಾಗಿಲು ತೆರೆದು ಮತ್ತೆ ಬಂದು ಕೂತೆ. ಒಳಗಿನಿಂದ ಹಾಡು ಬಂತು, ಸಣ್ಣಗೆ, ಕಿವಿಗೊಟ್ಟರೆ ಮಾತು ತಿಳಿಯುವಷ್ಟು. ನೀವು ತಲೆದೂಗುತ್ತಿದ್ದದ್ದು ಇಷ್ಟಕ್ಕೇ?

ಎರಡೂ ಸ್ಪೀಕರ್ ಹಾಲ್‌ನಲ್ಲಿಡೋಣ, ಪೂರ್ತಿ ಹಾಡು ಒಂದೇ ಕಡೆ ಕೇಳಿಸುತ್ತದೆ ಎಂದಳು ವಿದ್ಯಾ. ಅವಳು ಹೇಳುವುದು ಸರಿಯೇ. ಆದರೂ ಅಡುಗೆಮನೆಯ ಸ್ಪೀಕರ್ ಇಳಿಸಲು ನನಗೆ ಮನಸ್ಸಾಗಲಿಲ್ಲ.

"ಅಷ್ಟು ನಿಮ್ಮಪ್ಪಗ ಗೊತ್ತಿರಲಿಲ್ಲೇನವಾ?" ಎಂದೆ.

ಅವಳು ಕಪಾಟಿನ ಮೇಲಿನ ಸ್ಪೀಕರಿನ ಧೂಳು ಒರೆಸಿ ಅಲ್ಲೇ ಬಿಟ್ಟಳು.

ಪ್ಲೇಯರ್‌ನ ಬೆಲ್ಟ್ ಸಡಿಲಾಗಿದೆ, ಹಾಡು ಎಳೆಯುತ್ತದೆ. ಶನಿವಾರ ಸಂಜೆ ಶಿರೀಷ ಹೊಸ ಬೆಲ್ಟ್ ಹಾಕುತ್ತಾನೆ. ವೈರು ಮುಟ್ಟುವುದಿಲ್ಲ. ಅಂದು ಅಡುಗೆ ವಿದ್ಯಾಳದು. ನಾನು ಹಾಲ್‌ನಲ್ಲಿ ಕೂಡುತ್ತೇನೆ.