ಎರಡನೆಯ ಪೆಪ್ಪರ್‌ಮಿಂಟಿನ ಹೊತ್ತಿಗೆ

ನ್ಯೂ ಹಾರ್ಲೆಮ್, ಅಯೋವಾ
ಅಕ್ಟೋಬರ್ 9, ಗುರುವಾರ

ಪ್ರಿಯ ಲ್ಯಾಂಬರ್ಟ್,

ಭಾನುವಾರದ ಆರಾಧನೆಯನ್ನು ಇಂಟರ್‌ನೆಟ್‌ನಲ್ಲಿ ನೇರಪ್ರಸಾರ ಮಾಡಿದರೆ ಎಷ್ಟು ಖರ್ಚಾಗುತ್ತದೆಂದು ನಿನ್ನ ಸಭೆಯವರು ಕೇಳುತ್ತಿದ್ದಾರೆ ಎಂದು ಬರೆದಿದ್ದೀಯ. ನನ್ನ ಲೆಕ್ಕ ಹೇಳುತ್ತೇನೆ. ಕ್ಯಾಮೆರಾ ಯಾರೋ ಪುಣ್ಯಾತ್ಮರು ದಾನ ಕೊಟ್ಟದ್ದು, ಪುಕ್ಕಟೆ. ಆಮೇಲೆ ಹೋದದ್ದು ಒಂದು ಬೇಸಿಗೆಯ ನಿದ್ದೆ, ಮಾತು ಬಲ್ಲವನೆಂದು ನನಗಿದ್ದ ಹೆಸರು, ಮತ್ತು ಗೆರಿಟ್ ಟೆನ್ ಪಾಸ್. ಕೊನೆಯ ಬಾಬತ್ತು ವಾಪಸು ಬಂತು. ಉಳಿದದ್ದು ಹೋದ ಹಾಗೆಯೇ.

ಗೆರಿಟ್ ನಮ್ಮ ಸಭೆಯ ಹಿರಿಯ, ಹೈನು ಸಾಕುವವನು. ನಾನು ಟ್ರ್ಯಾಕ್ಟರ್ ಮಾರುತ್ತಿದ್ದ ಕಾಲದಲ್ಲಿ, "ನನ್ನಂಥ ಜಿಪುಣನ ತಲೆಗೇ ಹೊಸ ಟ್ರ್ಯಾಕ್ಟರ್ ಕಟ್ಟಿದೀಯಲ್ಲೋ, ಈ ನಾಲಿಗೇನ ದೇವರ ಕೆಲಸಕ್ಕೆ ಹಚ್ಚಬಾರದಾ?" ಎಂದು ಗದರಿ, ನಲವತ್ತು ದಾಟಿದ ನನ್ನನ್ನು ಪಾದ್ರಿಯಾಗಲು ಸೆಮಿನರಿಗೆ ಅಟ್ಟಿದವನೇ ಅವನು. ಹೀಬ್ರೂ ತರಗತಿಯಲ್ಲಿ ನಿನ್ನ ಪಕ್ಕ ಬಂದು ಕುಳಿತ ಮುದಿ ವಿದ್ಯಾರ್ಥಿ ಅವನ ಕೃಪೆ.

ನಿನ್ನ ಪಟ್ಟಣದ ಸಭೆಯಲ್ಲಿ ನಿಂತುಹೋಗಿರಬಹುದು, ನಮ್ಮ ಡಚ್ ಮಂದಿಯಲ್ಲಿ ಪೆಪ್ಪರ್‌ಮಿಂಟಿನ ಪದ್ಧತಿ ಇನ್ನೂ ಉಂಟು. ಪಾದ್ರಿಯ ಪ್ರಸಂಗ ಶುರುವಾದೊಡನೆ ಬೆಂಚಿನುದ್ದಕ್ಕೂ ಪೆಪ್ಪರ್‌ಮಿಂಟಿನ ಪೊಟ್ಟಣ ಸಾಗುತ್ತದೆ. ಮೊದಲನೆಯದು ಕರಗುವಷ್ಟರಲ್ಲಿ ಪೀಠಿಕೆ ಮುಗಿದಿರಬೇಕು, ಎರಡನೆಯದು ಕರಗುವಷ್ಟರಲ್ಲಿ ಆಮೆನ್. ಮೂರನೆಯದಕ್ಕೆ ಕೈ ಹಾಕಿಸಿದ ಪಾದ್ರಿಯನ್ನು ಜನ ಕ್ಷಮಿಸುತ್ತಾರೆ, ಮರೆಯುವುದಿಲ್ಲ. ಮೂರನೆಯ ಬೆಂಚಿನಲ್ಲಿ ಕುಳಿತು ಪೊಟ್ಟಣ ಹೊರಡಿಸುವವನು ಗೆರಿಟ್.

ಪ್ರಸಾರ ಶುರುವಾದಾಗ ನನಗೆ ಹಬ್ಬ. ಕಾಲು ಮುರಿದುಕೊಂಡಿದ್ದ ಟೀನಾ ಅಜ್ಜಿ ಮನೆಯಿಂದಲೇ ಕೇಳಿದರು. ಅರಿಜೋನಾಕ್ಕೆ ಹೋಗಿ ನೆಲೆಸಿದವರು ಕೇಳಿದರು. ನೆಲಮಾಳಿಗೆಯಲ್ಲಿ ಸಭೆಯ ಕೂಸುಗಳನ್ನು ನೋಡಿಕೊಳ್ಳುವ ನನ್ನ ಹೆಂಡತಿ ಆರ್ಲೀನ್‌ಗೂ ಫೋನಿನಲ್ಲಿ ಪ್ರಸಂಗ ಸಿಕ್ಕಿತು. ನನಗೆ ಸಿಕ್ಕಿದ್ದು ಎಷ್ಟು ಮಂದಿ ನೋಡಿದರೆಂದು ಪರದೆಯ ಮೂಲೆಯಲ್ಲಿ ಏರುವ ಒಂದು ಸಂಖ್ಯೆ. ಸರಕು ಮಾರಿದವನ ಕಣ್ಣಿಗೆ ಅಂಥದ್ದು ಬಿದ್ದರೆ ಕೇಳಬೇಕೇ? ಬೆಳಗಿನ ಪ್ರಾರ್ಥನೆಗೂ ಮೊದಲು ಅದನ್ನು ನೋಡತೊಡಗಿದೆ. ದೂರದವರಿಗೆ ವಿದ್ವತ್ತು ಕಾಣಲೆಂದು ವ್ಯಾಖ್ಯಾನ ಗ್ರಂಥಗಳನ್ನು ಗುಡ್ಡೆ ಹಾಕಿಕೊಂಡು ಓದಿದೆ. ಒಂದು ಭಾನುವಾರವಂತೂ ಸಭೆಯನ್ನು ಬೈಬಲ್ ಕಾಲದ ಎಫೆಸ ಪಟ್ಟಣದ ಬೀದಿಬೀದಿ ಅಲೆದಾಡಿಸಿ, ಅಪೊಸ್ತಲ ಪೌಲನನ್ನು ಅಲ್ಲೇ ಬಿಟ್ಟು ಬಂದೆ.

ಅಂದು ಆರಾಧನೆ ಮುಗಿದು ಕಾಫಿಗೆ ಇಳಿಯುವ ಮುಂಚೆ ಫೋನು ತೆಗೆದರೆ, ಪ್ರಸಾರದ ಕೆಳಗೆ 'ದಾರಿಹೋಕ' ಎಂಬ ಹೆಸರಿನಲ್ಲಿ ಯಾರೋ ಬರೆದಿದ್ದರು: "ಎರಡನೇ ಪೆಪ್ಪರ್‌ಮಿಂಟೂ ಕರಗೋಯ್ತು. ಯೇಸುಸ್ವಾಮಿ ಇನ್ನೂ ಬಂದಿಲ್ಲ." ಮುಂದಿನ ವಾರ: "ಪಾದ್ರಿಗಳು ತುಂಬ ಓದಿದಾರೆ. ಪ್ರಾರ್ಥನೆ ಮಾಡಿದಾರಾ?"

ಚಿಕ್ಕದಾಗಿ ಹೇಳು ಹಾರ್ಲನ್, ಎಂದು ಆರ್ಲೀನ್ ಎಷ್ಟೋ ವರ್ಷದಿಂದ ಊಟದ ಮೇಜಿನಲ್ಲಿ ಹೇಳುತ್ತಿದ್ದಳು. ನಾನು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ತಲೆಯಾಡಿಸುತ್ತಿದ್ದೆ. ಮುಖವಿಲ್ಲದವನ ಒಂದು ಸಾಲು ಮಾತ್ರ ಎದೆಗೆ ನಾಟಿತು. ಅದೇ ಇಂಟರ್‌ನೆಟ್ಟಿನ ಮಾಯೆ. ಅವನಿಗೆ ಪುಟಗಟ್ಟಲೆ ಉತ್ತರ ಬರೆದೆ. ಆತ ಒಂದಕ್ಕೂ ಮರುನುಡಿಯಲಿಲ್ಲ. ಅದು ಇನ್ನಷ್ಟು ಉರಿಸಿತು.

ಪೆಪ್ಪರ್‌ಮಿಂಟಿನಲ್ಲಿ ಹೊತ್ತು ಅಳೆಯುವವನು ನಮ್ಮವನೇ ಎಂದು ಲೆಕ್ಕ ಹಾಕಿದೆ. ಪ್ರಸಂಗದ ನಡುವೆ ತಲೆ ತಗ್ಗಿಸಿ, ತೊಡೆಯ ಮೇಲೆ ಕೈಯಾಡಿಸುತ್ತ ಕೂರುವವನು ಗೆರಿಟ್. ಫೋನು ಒತ್ತುತ್ತಿದ್ದಾನೆಂದು ತೀರ್ಮಾನಿಸಿಬಿಟ್ಟೆ. ಮರುವಾರ ವೇದಿಕೆಯಿಂದಲೇ, ಬಾಯಲ್ಲಿ ಸಿಹಿ ಇಟ್ಟುಕೊಂಡು ಬೆನ್ನಿಗೆ ಕಲ್ಲೆಸೆಯುವವರು ಮೂರನೆಯ ಬೆಂಚಿನಲ್ಲೂ ಇರಬಹುದು ಎಂದೆ. ಗೆರಿಟ್ ಪೊಟ್ಟಣವನ್ನು ಬೆಂಚಿನ ಮೇಲಿಟ್ಟ, ಹ್ಯಾಟು ತೆಗೆದುಕೊಂಡ, ಹೆಂಡತಿ ರುತ್‌ಳ ತೋಳು ಹಿಡಿದು ಹೊರಟುಹೋದ. ಮುಂದಿನ ವಾರ ಅವರ ಜಾಗ ಖಾಲಿ. ಪೆಪ್ಪರ್‌ಮಿಂಟಿಲ್ಲದೆ ಅಕ್ಕಪಕ್ಕದವರೆಲ್ಲ ಕೆಮ್ಮಿದ್ದೇ ಕೆಮ್ಮಿದ್ದು.

ಅದರ ಮುಂದಿನ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ಒಂದೇ ಮೇಜಿನ ರೊಟ್ಟಿ ಹಂಚಿಕೊಳ್ಳುವ ದಿನ. ಮನಸ್ಸಿನಲ್ಲಿ ಜಗಳ ಇಟ್ಟುಕೊಂಡವರು ಆ ಮೇಜಿಗೆ ಬರಬಾರದೆಂಬುದು ನಮ್ಮಲ್ಲಿ ಇನ್ನೂ ಕಟ್ಟುನಿಟ್ಟು. ರಾಜಿಯಾಗದಿದ್ದರೆ ನಾನು ರೊಟ್ಟಿ ಮುರಿಯುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಹರೆಯದಿಂದ ಒಂದು ಸಲವೂ ಆ ಮೇಜು ತಪ್ಪಿಸದ ಗೆರಿಟ್ ನನ್ನಿಂದಾಗಿ ಹೊರಗುಳಿಯುತ್ತಾನೆ.

ಶನಿವಾರ ಹಾಲು ಕರೆಯುವ ಹೊತ್ತಿಗೆ ಅವನ ಕೊಟ್ಟಿಗೆಗೆ ಹೋದೆ.

"ಬನ್ನಿ ಪಾದ್ರಿಗಳೇ. ಇವತ್ತು ಕಲ್ಲು ತಂದಿದೀರಾ, ಸಿಹಿ ತಂದಿದೀರಾ?" ಎಂದ. ಅವನು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಸಿದ್ಧಪಡಿಸಿಕೊಂಡ ಮಾತು ಶುರು ಮಾಡಿದೆ. ಕೈಯೆತ್ತಿ ತಡೆದ. "ಚಿಕ್ಕದು ಮಾಡಿ. ಹಸು ಕಾಯ್ತಾ ಇದೆ."

"ತಪ್ಪಾಯ್ತು ಗೆರಿಟ್," ಎಂದೆ.

ಅವನು ಜೇಬಿನಿಂದ ಮಡಚುವ ಹಳೆಯ ಫೋನು ತೆಗೆದು ನನ್ನ ಮುಖಕ್ಕೆ ಹಿಡಿದ. "ಇದರಲ್ಲಿ ಇಂಟರ್‌ನೆಟ್ಟು ಎಲ್ಲಿ ಕೂರುತ್ತೆ, ತೋರಿಸು ನೋಡೋಣ. ನೀನು ಪ್ರಸಂಗ ಎಳೆದ್ರೆ ಮುಖದ ಮೇಲೇ ಹೇಳಲ್ವೇನೋ? ನೀನು ಕೊಟ್ಟ ಗೇರ್‌ಬಾಕ್ಸ್ ಕೈ ಕೊಟ್ಟಾಗ ಹೇಳಲಿಲ್ವಾ?"

"ಮತ್ತೆ ತಲೆ ತಗ್ಗಿಸಿ ಏನು ಮಾಡ್ತಿದ್ರಿ?"

"ರುತ್‌ಗೆ ಕೈ ನಡುಗುತ್ತೆ ಕಣೋ. ಪೆಪ್ಪರ್‌ಮಿಂಟಿನ ಕಾಗದ ಬಿಚ್ಚೋಕೆ ಆಗಲ್ಲ ಅವಳಿಗೆ."

ಲ್ಯಾಂಬರ್ಟ್, ಅರಿಜೋನಾದಲ್ಲಿ ಕೇಳುವವರನ್ನು ಎಣಿಸುತ್ತಿದ್ದವನಿಗೆ ಮೂರನೆಯ ಬೆಂಚಿನಲ್ಲಿ ನಡುಗುವ ಕೈ ಕಂಡಿರಲಿಲ್ಲ. ಗೆರಿಟ್ ಹಾಲಿನ ಕ್ಯಾನು ನನ್ನತ್ತ ತಳ್ಳಿದ. "ಹಿಡಿ. ಬರೆದವರು ಯಾರೋ ಏನೋ, ಸುಳ್ಳಂತೂ ಬರೆದಿಲ್ಲ."

ಮರುದಿನ ಭೋಜನಕ್ಕೆ ಮೊದಲು ಇಡೀ ಸಭೆಯ ಎದುರು, ಕ್ಯಾಮೆರಾದ ಎದುರೂ, ಅವನ ಕ್ಷಮೆ ಕೇಳಿದೆ. ಗೆರಿಟ್ ರುತ್‌ಳ ಕೈ ಹಿಡಿದು ಮೇಜಿಗೆ ಬಂದ. ಪ್ರಸಂಗಕ್ಕೆ ಓದಿಯೇ ಹೋಗಿದ್ದೆ, ಓದು ಬಿಟ್ಟಿಲ್ಲ. ಆದರೆ ಟ್ರ್ಯಾಕ್ಟರ್ ಒಪ್ಪಿಸುವಾಗ ಕಾರ್ಖಾನೆಯ ಉಪಕರಣಗಳನ್ನೆಲ್ಲ ಗಿರಾಕಿಯ ಅಂಗಳಕ್ಕೆ ಯಾರೂ ಸಾಗಿಸುವುದಿಲ್ಲವಲ್ಲ, ಹಾಗೆ ಪುಸ್ತಕಗಳನ್ನು ಕೋಣೆಯಲ್ಲೇ ಬಿಟ್ಟೆ. ಆಮೇಲೆ ನೋಡಿದರೆ ದಾರಿಹೋಕ ಬರೆದಿದ್ದ: "ಒಂದೂವರೆ. ಯೇಸುಸ್ವಾಮಿ ಬಂದರು."

ಅವನು ಯಾರೆಂದು ಈಗ ಹುಡುಕುವುದಿಲ್ಲ. ಕ್ಯಾಮೆರಾ ಧಾರಾಳವಾಗಿ ಹಾಕಿಸು. ಆ ಸಂಖ್ಯೆಯ ಮೇಲೆ ಒಂದು ತುಂಡು ಅಂಟುಪಟ್ಟಿ ಹಚ್ಚಿಬಿಡು.

ಇಂತಿ, ನಿನ್ನ ಹಳೆಯ ಬೆಂಚಿನ ಜೊತೆಗಾರ,
ಹಾರ್ಲನ್ ವಿಸ್ಸರ್

ಮತ್ತೊಂದು ಮಾತು (ಭಾನುವಾರ): ಈ ಪತ್ರ ಕೋಟಿನ ಜೇಬಿನಲ್ಲೇ ಉಳಿದಿತ್ತು, ಒಳ್ಳೆಯದೇ ಆಯಿತು. ಕೂಸುಗಳಿಗೆಲ್ಲ ಜ್ವರ ಬಂದು ಇಂದು ನೆಲಮಾಳಿಗೆಗೆ ಬೀಗ. ಎಷ್ಟೋ ಕಾಲದ ಮೇಲೆ ಆರ್ಲೀನ್ ಮೇಲೆ ಬಂದು ರುತ್‌ಳ ಪಕ್ಕದಲ್ಲಿ ಕುಳಿತಳು. ನಾನು ಮಾತಿನ ಭರದಲ್ಲಿ ಕೊರಿಂಥದ ಬಂದರಿಗೆ ತಿರುಗುವುದರಲ್ಲಿದ್ದೆ. ಅವಳು ಎರಡನೆಯ ಪೆಪ್ಪರ್‌ಮಿಂಟಿನ ಕಾಗದ ಬಿಚ್ಚಿ ರುತ್‌ಗೆ ಕೊಟ್ಟಳು, ತಾನೊಂದು ಬಾಯಿಗೆ ಹಾಕಿಕೊಂಡಳು, ತಲೆಯೆತ್ತಿ ನನ್ನನ್ನೇ ನೋಡಿದಳು. ದೋಣಿ ತಿರುಗಿಸಿ ದಡ ಸೇರಿಸಿ ಆಮೆನ್ ಎಂದೆ. ದಾರಿಹೋಕ ಇಂದು ಏನೂ ಬರೆದಿಲ್ಲ. ಊಟಕ್ಕೆ ಕುಳಿತಾಗ, ಇವತ್ತು ಎಷ್ಟಾಯ್ತು, ಎಂದು ಕೇಳಿದೆ. ಆಲೂಗೆಡ್ಡೆ ಬಡಿಸುತ್ತ, "ಎರಡಕ್ಕೆ ಚೂರು ಕಮ್ಮಿ," ಎಂದಳು. ಆಮೇಲೆ ಕಿವಿಯವರೆಗೂ ಕೆಂಪಾದಳು.

ಹಾಗಾಗಿ ಲೆಕ್ಕ ತಿದ್ದಿಕೋ. ಗೆರಿಟ್‌ಗೆ ಅವನ ಬೆಂಚು. ರುತ್‌ಗೆ ಕಾಗದ ಬಿಚ್ಚಿಕೊಡುವ ಇನ್ನೊಂದು ಕೈ. ಸಭೆಗೆ ಹೊತ್ತಿಗೆ ಸರಿಯಾಗಿ, ಆರದ ಊಟ. ಆರ್ಲೀನ್‌ಗೆ ಹೇಳಿದ್ದು ಕೇಳುವ ಗಂಡ. ನನಗೆ ಒಬ್ಬ ಕೇಳುಗಾತಿ. ಅವಳು ಮೊದಲಿನಿಂದಲೂ ಇದ್ದಳು.