ಬೀಸುವ ಕಲ್ಲಿನ ಮೇಲಿನ ಸಮುದ್ರ

ಅವಲಪಲ್ಲಿ, ಹೊಸೂರು
೧೪-೧೧-೧೯೮೪

ಪ್ರೀತಿಯ ಅಂಬುಜಾ,

ನಿನ್ನ ಪತ್ರ ಬಂದು ವಾರವಾಯಿತು. ಮಗು ಮಲಗಿದಾಗಲೆಲ್ಲ ಉತ್ತರ ಬರೆಯಲು ಕೂರುತ್ತೇನೆ, ಮತ್ತೆ ಎದ್ದು ತೊಟ್ಟಿಲಿಗೆ ಬಗ್ಗಿ ಅವಳ ಉಸಿರು ನೋಡಿ ಬರುತ್ತೇನೆ. ನಿದ್ದೆಗೆಟ್ಟು ಅಕ್ಷರ ಸೊಟ್ಟಗಾಗಿದೆ, ಬೈಯಬೇಡ.

ನಿಮ್ಮ ಹಡಗಿನವರು ದಕ್ಷಿಣ ಧ್ರುವದ ಕಡೆ ಕಂಡ ಆ ಹಿಮಗುಡ್ಡ ತಲೆಯಿಂದ ಹೋಗುತ್ತಿಲ್ಲ. ಉತ್ತರಕ್ಕೆ ತೇಲಬೇಕಾದದ್ದು ತಿಂಗಳುಗಟ್ಟಲೆ ಒಂದೇ ಕಡೆ ಸುತ್ತುತ್ತಿದೆ, ತಳ ಎಲ್ಲೂ ತಾಗಿಲ್ಲ, ಆದರೆ ಆಳದಲ್ಲಿ ಒಂದು ಬೆಟ್ಟವಿದೆ ಎಂದು ಬರೆದಿದ್ದೀಯ. ಭೂಮಿ ತಿರುಗುತ್ತಿರುವುದರಿಂದ ಪ್ರವಾಹ ಆ ಬೆಟ್ಟವನ್ನು ಹತ್ತಿ ಇಳಿಯುವುದಿಲ್ಲ. ಬೆಟ್ಟ ನೀರಿನ ಮೇಲಿನವರೆಗೂ ಎದ್ದು ನಿಂತಿದೆಯೇನೋ ಎಂಬಂತೆ ಬಳಸಿಕೊಂಡು ಹೋಗುತ್ತದೆ. ಬೆಟ್ಟದ ನೆತ್ತಿಯ ಮೇಲಿನ ನೀರು ಅಲ್ಲೇ ಸುತ್ತುತ್ತದೆ, ಅದರೊಳಗೆ ಬಂದದ್ದು ಸಿಕ್ಕಿಬೀಳುತ್ತದೆ. ಇದನ್ನು ಎಂ.ಎಸ್ಸಿ.ಯಲ್ಲಿ ನಿನಗೆ ಹೇಳಿಕೊಟ್ಟವಳು ನಾನು. ಈಗ ಮರೆತೆನೇನೋ ಎಂದು ಹೆದರಿ ಮನೆಯಲ್ಲೇ ಮಾಡಿ ನೋಡಿದೆ.

ರಾಗಿ ಬೀಸುವ ಕಲ್ಲಿನ ಮೇಲೆ ಅಗಲವಾದ ಬೇಸಿನ್ನು, ಅದರ ತಳದಲ್ಲಿ ಒಂದು ಪಕ್ಕಕ್ಕೆ ಚಪ್ಪಟೆ ಕಲ್ಲು, ಮೇಲೆ ನೀರು. ಹಿಮಗುಡ್ಡಕ್ಕೆ ದೇವರ ಗೂಡಿನ ಕರ್ಪೂರ, ಬೆಳ್ಳಗಿದೆಯಲ್ಲ ಅಂತ. ಕಲ್ಲು ತಿರುಗಿಸುವ ಮೊದಲೇ ಅದು ದಿಕ್ಕುದಿಕ್ಕಿಗೆ ಓಡಾಡಿತು. ಕಲಿತದ್ದೆಲ್ಲ ಹೋಯಿತು ಎಂದು ಕಣ್ಣೀರು ಹಾಕಿದೆ. ಮರುದಿನ ಮಗುವಿನ ಬಟ್ಟೆ ಹಿಂಡುವಾಗ ಹೊಳೆಯಿತು, ಕರ್ಪೂರ ನೀರಿನ ಮೇಲೆ ತಾನಾಗಿಯೇ ಓಡುತ್ತದೆ ಎಂದು. ಕಡಲೆಪುರಿ ಹಾಕಿದೆ. ಅತ್ತೆ ಆದಿಲಕ್ಷ್ಮಮ್ಮನವರೇ ಗೂಟ ಹಿಡಿದು ಒಂದೇ ಸಮ ತಿರುಗಿಸಿಕೊಟ್ಟರು. "ಊರೋರೆಲ್ಲ ರಾಗಿ ಬೀಸಿದ್ರೆ ನನ್ ಸೊಸೆ ನೀರು ಬೀಸ್ತವ್ಳೆ. ಹಿಟ್ಟು ಬಂದ್ರೆ ಹೇಳಮ್ಮ, ಮುದ್ದೆಗೆ ಎಸರಿಡ್ತೀನಿ" ಎಂದರು. ವೇಗ ಕೊಂಚ ತಗ್ಗಿಸಿದಾಗ ಬೇರೆ ಪುರಿಯೆಲ್ಲ ಮುಂದೆ ಹರಿಯಿತು. ಚಪ್ಪಟೆ ಕಲ್ಲಿನ ನೇರಕ್ಕಿದ್ದ ಪುರಿ ಮಾತ್ರ ಅಲ್ಲೇ ಉಳಿಯಿತು. ಮರೆತಿಲ್ಲ ಅಂಬುಜಾ.

ಆದರೂ ಗೋವಾದ ನಿಮ್ಮ ಸಂಸ್ಥೆಯಲ್ಲಿ ನೀನು ಹೇಳಿದ ಆ ಆರು ತಿಂಗಳ ಕೆಲಸಕ್ಕೆ ನಾನು ಬರಲಾರೆ. "ಸಮುದ್ರ ನೋಡ್ಬೇಕಾದ್ರೆ ಮದ್ರಾಸಿಗೆ ಕರ್ಕೊಂಡೋಗ್ತೀನಿ, ಗೋವಾ ಯಾಕೆ" ಎಂದು ನಮ್ಮ ಮನೆಯವರು ಮೊದಲು ನಕ್ಕರು. ಆಮೇಲೆ, ಮಗು ನಮ್ಮಮ್ಮನ ಹತ್ತಿರ ಇರಲಿ, ಆರು ತಿಂಗಳು ಹೋಗಿ ಬಾ ಎಂದೂ ಅಂದರು. ತಡೆಯುತ್ತಿರುವವರು ಅವರಲ್ಲ, ಮಗು. ಒಳಲೆಯಲ್ಲಿ ಹಸುವಿನ ಹಾಲು ಹಿಡಿದರೆ ಉಗಿದುಬಿಡುತ್ತಾಳೆ. ನಾನಿಲ್ಲದೆ ಅವಳಿಗೆ ಒಂದು ಹೊತ್ತೂ ನಡೆಯದು. ಆ ಜಾಗ ಬೇರೆಯವರಿಗೆ ಕೊಡಲು ಹೇಳು.

ನಿನ್ನ,
ವರಲಕ್ಷ್ಮಿ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಮೊನ್ನೆ ನಾನು ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಮಗು, ಅತ್ತೆ ಒಳಲೆಯಲ್ಲಿ ಕೊಟ್ಟ ಹಾಲನ್ನು ಪೂರ್ತಿ ಕುಡಿದು ಅವರ ತೊಡೆಯ ಮೇಲೆ ಆಡುತ್ತಿದ್ದಳು. ನನ್ನನ್ನು ಕಂಡು ಅಳಲೂ ಇಲ್ಲ. ಅಂದಿನಿಂದ ಒಳಲೆಯನ್ನು ನಾನೇ ಹಿಡಿಯುತ್ತೇನೆ, ಅವಳಿಗೆ ಹೊಟ್ಟೆ ತುಂಬಿರುವಾಗ, ನಮ್ಮ ಮನೆಯವರು ಎದುರಿಗಿರುವಾಗ. ಉಗಿಯುತ್ತಾಳೆ, ಅವರು ನೋಡುತ್ತಾರೆ. ಅತ್ತೆಯೂ ನೋಡುತ್ತಾರೆ, ಒಳಲೆ ತೊಳೆದಿಡುತ್ತಾರೆ. ಜಾಗ ಬಿಟ್ಟುಕೊಡುವ ಮಾತು ಈಗಲೇ ಯಾರಿಗೂ ಹೇಳಬೇಡ. ನಾಳೆ ಒಳಲೆಯನ್ನು ಅತ್ತೆಯ ಕೈಗೆ ಕೊಟ್ಟು, ನಾನು ಮಗುವಿಗೆ ಕಾಣದ ಹಾಗೆ ಬೀದಿಯ ಬಾಗಿಲಾಚೆ ನಿಲ್ಲುತ್ತೇನೆ.